ಎಂಟನೆಯ ತುಳಿತ

ಸ್ಟಿಯರಿಂಗಿನ ಹಿಂದಿನ ಹಳದಿ ದೀಪ ಮೂರು ಬಾರಿ ಮಿನುಗಿತು; ಒಂದು ಉಸಿರಿನಷ್ಟು ತಡೆದು, ಮತ್ತೆ ಎರಡು ಬಾರಿ. ಕಾರಿನ ತೆರೆದ ಬಾಗಿಲ ಬಳಿ ಮಂಡಿಯೂರಿದ್ದ ಮೆಕ್ಯಾನಿಕ್‌ನ ಬೆರಳುಗಳು ಎಣಿಸಿಕೊಂಡವು. ಮೂವತ್ತೆರಡು. ಎಂದರೆ, ಮುಂದಿನ ಎಡಗಾಲಿಯ ವೇಗ ಅಳೆಯುವ ಸೆನ್ಸರ್. ಹತ್ತು ದಿನಗಳ ಹಿಂದೆ ಅದೇ ಗಾಲಿಗೆ ಹೊಸ ಬೇರಿಂಗ್ ಕೂರಿಸಿದ್ದವನು ಅವನೇ.

"ಬಂತಾ?" ಎಂದರು ಸಾರಿಗೆ ಕಚೇರಿಯಿಂದ ಬಂದಿದ್ದ ಅಧಿಕಾರಿಣಿ, ಕೈಚೀಲದಲ್ಲಿ ಕನ್ನಡಕ ತಡಕುತ್ತ.

"ಲೆಕ್ಕ ತಪ್ತು ಮೇಡಂ. ಮತ್ತೆ ಬರುತ್ತೆ."

"ಬರ್ಲಿ. ನೀವಿಬ್ರೂ ಭಾವ ಭಾಮೈದ. ಅದಕ್ಕೇ ನಾನೇ ಕಣ್ಣಾರೆ ಎಣಿಸಿ ಬರ್ಕೊಳ್ತೀನಿ."

ಕಾರು ಹಳೆಯದು, ಈಗಿನವುಗಳಂತೆ ತನ್ನ ಕಾಯಿಲೆಯನ್ನು ಪರದೆಯ ಮೇಲೆ ಬರೆದು ತೋರಿಸುವಂಥದ್ದಲ್ಲ. ಬಾನೆಟ್ಟಿನ ಕೆಳಗಿನ ಪುಟ್ಟ ಪೆಟ್ಟಿಗೆಯ ಎರಡು ತೂತುಗಳಿಗೆ ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದರೆ, ಗಾಲಿ ಜಾರುತ್ತಿದೆ ಅನ್ನಿಸಿದರೆ ತಾನೇ ಹಿಡಿತ ಬಿಟ್ಟುಬಿಟ್ಟು ಹಿಡಿಯುವ ಎಬಿಎಸ್ ಬ್ರೇಕಿನಲ್ಲಿ ಎಂದೋ ಕಂಡ ದೋಷವನ್ನು ಈ ದೀಪ ಮಿನುಗಿ ಮಿನುಗಿ ಹೇಳುತ್ತದೆ. ಆ ವಿದ್ಯೆ ಬಲ್ಲವನು ಊರಿನಲ್ಲಿ ಈ ಮೆಕ್ಯಾನಿಕ್ ಒಬ್ಬನೇ. ಚಾಲಕನ ಆಸನದಲ್ಲಿ ಬೆವರುತ್ತ ಕುಳಿತಿದ್ದವನು ಅವನ ಹೆಂಡತಿಯ ತಮ್ಮ. ಐದು ದಿನಗಳ ಹಿಂದೆ ಕಾರು ನಿಲ್ಲದೆ ನುಗ್ಗಿ, ಬಸ್ಸಿಗೆ ಕಾಯುತ್ತಿದ್ದ ಟೀಚರೊಬ್ಬರ ಸೊಂಟದ ಮೂಳೆ ಮುರಿದಿತ್ತು. ದೋಷ ಬ್ರೇಕಿನದೋ ಚಾಲಕನದೋ ಎಂಬುದು ಇಂದು ತೀರ್ಮಾನವಾಗಬೇಕು. ಚಾಲಕನದೆಂದಾದರೆ ಲೈಸೆನ್ಸ್ ಹೋಯಿತು. ಬೇರೆ ಕೆಲಸ ಅವನಿಗೆ ಬಾರದು.

ಅಧಿಕಾರಿಣಿ ಕನ್ನಡಕ ಏರಿಸಿಕೊಂಡು, ಹಳೆಯ ಕೈಪಿಡಿಯಿಂದ ನಕಲು ಮಾಡಿ ತಂದಿದ್ದ ಹಾಳೆಯನ್ನು ಬಿಡಿಸುತ್ತಲೇ ಕೇಳಿದರು: "ಅಲ್ಲಪ್ಪಾ, ನಿಜ ಹೇಳು. ಬ್ರೇಕ್ ಮೇಲೆ ಕಾಲೇ ಇಡ್ಲಿಲ್ಲವಂತೆ ನೀನು? ನೋಡಿದವರು ಹೇಳ್ತಾರೆ."

"ಯಾರ್ ಮೇಡಂ ಹಾಗಂದೋರು? ನನ್ನ ಕಾಲ ಹತ್ರ ಬಂದು ಕೂತಿದ್ರಾ ಅವರು?" ಐದು ದಿನಗಳಿಂದ ನುಂಗಿಕೊಂಡಿದ್ದುದೆಲ್ಲ ಒಮ್ಮೆಲೇ ಚಾಲಕನ ಕಾಲಿಗಿಳಿಯಿತು. "ಪೆಡಲ್ಲು ಗಡಗಡ ನಡುಗ್ತು, ಗಾಡಿ ನಿಲ್ಲಲಿಲ್ಲ. ಬಿಟ್ಟು ಬಿಟ್ಟು ತುಳಿದೆ. ಹೀಗೆ! ಹೀಗೆ! ಹೀಗೆ!"

ತಂತಿ ಸಿಕ್ಕಿಸಿರುವಾಗ ಮೂರು ಸೆಕೆಂಡಿನೊಳಗೆ ಎಂಟು ಸಲ ಪೆಡಲ್ ತುಳಿದರೆ ಈ ಕಾರು ತನ್ನ ಹಳೆಯ ದೂರುಗಳನ್ನೆಲ್ಲ ಮರೆತುಬಿಡುತ್ತದೆ. ರಿಪೇರಿಯಾದ ಮೇಲೆ ಅಳಿಸಲೆಂದು ಕಾರು ಮಾಡಿದವರೇ ಇಟ್ಟ ದಾರಿ ಅದು. ಮೆಕ್ಯಾನಿಕ್‌ಗೆ ಗೊತ್ತಿತ್ತು, ಉಳಿದಿಬ್ಬರಿಗೆ ಗೊತ್ತಿರಲಿಲ್ಲ. ಮೂರು. 'ನಿಲ್ಲಿಸೋ' ಎಂದಿದ್ದರೆ ಸಾಕಿತ್ತು. ನಾಲ್ಕು, ಐದು. ಕೈ ಚಾಚಿದ್ದರೆ ಭಾಮೈದನ ಮೊಣಕಾಲು ಸಿಗುತ್ತಿತ್ತು. ಆರು. ಮೂವತ್ತು ವರ್ಷದ ಕೆಲಸದಲ್ಲಿ ಬಿಗಿ ಮಾಡದೆ ಬಿಟ್ಟದ್ದು ಒಂದೇ ಒಂದು ಬೋಲ್ಟು, ಅದೂ ಹೆಬ್ಬೆರಳಿನಷ್ಟು. ಏಳು. ಎಂಟು.

ದೀಪ ಒಮ್ಮೆ ಆರಿತು. ಬಳಿಕ ಎಲ್ಲಿಯೂ ತಡೆಯದೆ ಒಂದೇ ಸಮನೆ ಮಿನುಗತೊಡಗಿತು.

"ನೋಡಿ ಮೇಡಂ, ಈಗ ಬಾಯಿ ಬಿಡ್ತು!" ಚಾಲಕ ಅರ್ಧ ಎದ್ದೇಬಿಟ್ಟ. "ಎಷ್ಟೊಂದು ಹೇಳ್ತಿದೆ! ಒಂದನ್ನೂ ಬಿಡದೆ ಬರ್ಕೊಳ್ಳಿ."

ಅಧಿಕಾರಿಣಿಯ ಬೆರಳು ಹಾಳೆಯ ಮೇಲಿನಿಂದ ಕೆಳಕ್ಕೆ ಜಾರಿ, ಕೊನೆಯ ಸಾಲಿನಲ್ಲಿ ನಿಂತಿತು. "'ಎಡೆಬಿಡದೆ ಸಮನಾಗಿ ಮಿನುಗಿದರೆ ಯಾವ ದೋಷವೂ ಇಲ್ಲ.' ಮುಗೀತಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದರು. ಚಾಲಕ ಆಸನಕ್ಕೆ ಕುಸಿದ. ಅವನ ಮುಖ ನೋಡಲಾಗದೆ ಮೆಕ್ಯಾನಿಕ್ ಎದ್ದು ನಿಂತ.

"ಮೂವತ್ತೆರಡು, ಮೇಡಂ. ಮೊದಲ್ನೇ ಸಲವೇ ಬಂದಿತ್ತು. ನಾನು ನೋಡಿದೆ. ಬೇರಿಂಗ್ ಹಾಕಿದಾಗ ಸೆನ್ಸರಿನ ಬೋಲ್ಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ. ತಪ್ಪು ನನ್ನದು."

"ಈಗ ಸಡಿಲ ಇದೆಯಾ?"

"ಇಲ್ಲ. ಬೆಳಿಗ್ಗೆ ಕಣ್ಣಿಗೆ ಬಿತ್ತು. ಕೈ ಸುಮ್ನಿರಲಿಲ್ಲ, ಬಿಗಿ ಮಾಡ್ಬಿಟ್ಟೆ."

"ಓಹೋ. ದೀಪದಲ್ಲಿದ್ದದ್ದು?"

"ಇವನು ಎಂಟು ಸಲ ತುಳಿದನಲ್ಲ, ಅದಕ್ಕೆ ಅಳಿಸಿಹೋಯ್ತು."

ಅಧಿಕಾರಿಣಿ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇಂಥ ಕಥೆಗಳನ್ನು ದಿನವೂ ಕೇಳುವವರ ದಣಿವಿತ್ತು. "ಅಳಿಸಿಹೋಗುತ್ತೆ ಅಂತ ನಿಮಗೆ ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ರಿ. ಮತ್ಯಾಕೆ ತಡೀಲಿಲ್ಲ?"

ಮೆಕ್ಯಾನಿಕ್ ಬಾನೆಟ್ಟಿನತ್ತ ಹೋಗಿ ಪೆಟ್ಟಿಗೆಯಿಂದ ತಂತಿ ಕಿತ್ತ.

ಚಾಲಕ ಕಾರಿನಿಂದಿಳಿದು ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಕಣ್ಣುಗಳು ತುಂಬಿ ಬಂದಿದ್ದವು.

"ಸಾಕು ಭಾವ. ನನ್ನನ್ನ ಉಳಿಸೋಕೆ ಇಂಥಾ ಸುಳ್ಳೆಲ್ಲ ಹೇಳಿ ನಿಮ್ಮ ಹೆಸರು ಕೆಡಿಸ್ಕೋಬೇಡಿ."