ವರ್ಷದ ನಿದ್ದೆಗೆ ಬರೆದಿಟ್ಟ ಹೆಸರು

ಎಲ್ಲರಿಗೂ ಜೀವನದಲ್ಲಿ ಒಮ್ಮೆ ಬರುವ ವರ್ಷದ ನಿದ್ದೆ, ಬಸ್ ಡಿಪೊ ಮ್ಯಾನೇಜರ್ ನೀಲವ್ವ ಕುಂದರಗಿಯವರಿಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ ಹಂಚುತ್ತಿದ್ದಾಗಲೇ ಬಂತು. ಡ್ರೈವರುಗಳು ಅವರನ್ನು ಹುಷಾರಾಗಿ ಎತ್ತಿ ವಿಶ್ರಾಂತಿ ಕೋಣೆಯಲ್ಲಿ ಮಲಗಿಸಿ, ಕೌದಿ ಹೊದಿಸಿದರು. ನಿದ್ದೆಯ ವರ್ಷ ತಮ್ಮ ಕೆಲಸ ಯಾರು ನೋಡಬೇಕೆಂದು ಬರೆದಿಡುವ, ಎಲ್ಲ ಕಚೇರಿಗಳಲ್ಲೂ ಇರುವಂಥ ‘ಮುಂದಿನವರು’ ಲಕೋಟೆಯನ್ನು ಮೆಕ್ಯಾನಿಕ್ ಕಾಶವ್ವ ಒಡೆದಳು. ಒಳಗಿದ್ದದ್ದು ಕಂಡಕ್ಟರ್ ರಾಜೇಸಾಬನ ಹೆಸರು.

“ನಾನಾ? ನನಗ ಟಿಕೆಟ್ ಹರಿಯೋದಷ್ಟ ಗೊತ್ತು, ಕಾಶವ್ವ!”

“ಯಾವ ಊರಾಗ ಯಾರು ಎಷ್ಟೊತ್ತಿಗೆ ಬಸ್ಸಿಗೆ ಕಾಯ್ತಾರ ಅನ್ನೋದು ನಿನಗಷ್ಟ ಗೊತ್ತಣ್ಣ. ಅದಕ್ಕ ಮೇಡಂ ನಿನ್ನ ಹೆಸರು ಬರದಾರ. ಸೀಟಿ ಊದು, ಅರವತ್ತು ಬಸ್ ನಿಂತಾವ.”

ರಾಜೇಸಾಬ ಸೀಟಿ ಊದಿದ. ಬಸ್ಸುಗಳು ಹೊರಟವು.

ಆ ವರ್ಷ ಅವನು ಮೂರು ಹಳ್ಳಿಗಳ ಬಸ್ಸನ್ನು ಅರ್ಧ ಗಂಟೆ ಮೊದಲೇ ಬಿಟ್ಟ. ಅಲ್ಲಿಯ ಹುಡುಗಿಯರು ಕಾಲೇಜಿನ ಮೊದಲ ಪಾಠಕ್ಕೇ ತಲುಪತೊಡಗಿದರು.

ನೀಲವ್ವ ಎದ್ದ ದಿನ ಅವನು ಕುರ್ಚಿ ಒರೆಸಿ, “ಬರ್ರಿ ಮೇಡಂ” ಎಂದು ಬೀಗದ ಕೈ ಚಾಚಿದ.

ಅವರು ಹೊಸ ವೇಳಾಪಟ್ಟಿ ಓದಿ ಜೋರಾಗಿ ನಕ್ಕರು. “ಭಾಳ ಚೊಲೊ ಮಾಡೀರಿ. ಇನ್ನೊಂದು ವಾರ ನೀವ ನೋಡ್ಕೋರಿ, ರಾಜೇಸಾಬ್. ಇಪ್ಪತ್ತು ವರ್ಷ ಬಸ್ ಕಳಿಸೀನಿ, ಒಮ್ಮೆನೂ ಅದರಾಗ ಸುಮ್ನ ಕುಂತು ಹೋಗಿಲ್ಲ.”

ಬಾದಾಮಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದ ನೀಲವ್ವ, ಬಸ್ಸು ತಿರುವು ದಾಟುವವರೆಗೂ ಎಲ್ಲರಿಗೂ ಕೈ ಬೀಸುತ್ತಲೇ ಇದ್ದರು.