ವೀರನಿಗೆ ಕುಡಿಸಿದ ಶೀಸೆಗಳು

ಮೊಬೈಲ್ ಆಟದಲ್ಲಿ ರಾಕ್ಷಸನ ಕೋಟೆ ಬಾಗಿಲಿಗೆ ಬಂದು ನೋಡಿದರೆ, ರಾಜಶ್ರೀಯ ವೀರನ ಜೋಳಿಗೆಯಲ್ಲಿ ಒಂದೂ ಶೀಸೆ ಇರಲಿಲ್ಲ. ಕೆಂಪು, ನೀಲಿ, ಹಳದಿ, ಎಲ್ಲ ಖಾಲಿ. ಪರೀಕ್ಷೆ ಮುಗಿದಾಗಿನಿಂದ ಆಟದೊಳಗಿನ ಗುಡ್ಡ ಗವಿ ಅಲೆದು, ಬೇರು ಸೊಪ್ಪು ಕೂಡಿಸಿ ತುಂಬಿಟ್ಟ ಮಾಂತ್ರಿಕ ರಸ ಅದು. ಗಾಯವಾದಾಗ ಕುಡಿಸಿದರೆ ವೀರನಿಗೆ ಹೋದ ಜೀವ ಬರುತ್ತಿತ್ತು. ಈಗ ರಾಕ್ಷಸ ಒಂದೇ ಏಟಿಗೆ ಅವನಿಗೆ ಮಣ್ಣು ಮುಕ್ಕಿಸಿದ.

ಮುಂಜಾನೆ ಅವಳು ಮೊಬೈಲನ್ನು ಚಾರ್ಜಿಗೆ ಹಚ್ಚಿ, ಅವ್ವ ಸುರೇಖಾಳ ಜೊತೆ ನಿಂಬೆ ತೋಟಕ್ಕೆ ಹೋಗಿದ್ದಳು. ಮನೆಯಲ್ಲಿ ಉಳಿದವಳು ಅಜ್ಜಿ ಸಾತವ್ವ ಒಬ್ಬಳೇ.

“ಆಯೀ, ನನ್ನ ಬಾಟ್ಲಿ ಎಲ್ಲಾ ಯಾರು ಖಾಲಿ ಮಾಡಿದ್ರು?”

“ನಾನ ಕುಡಿಸೇನಿ. ಪಾಪ, ಅಂವಾ ಭಾಳ ದಣದಿದ್ದ,” ಎಂದಳು ಸಾತವ್ವ.

“ಅಂವಗ ಒಂದ ಗಾಯಾನೂ ಆಗಿದ್ದಿಲ್ಲ! ಸುಮ್ಮಸುಮ್ಮನ ಯಾಕ ಕುಡಿಸಿದಿ?”

ಸಾತವ್ವ ಸೆರಗಿನ ಚುಂಗು ತಿರುವುತ್ತ ಕುಳಿತಳು. ಕಿಡ್ನಿ ಕೈಕೊಟ್ಟ ಮೇಲೆ ಡಾಕ್ಟರು ಅವಳ ನೀರಿಗೇ ಅಳತೆ ಹಾಕಿದ್ದರು. ದಿನಕ್ಕೊಂದು ಸಣ್ಣ ತಂಬಿಗೆ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಬಂತು. ಅವರ ಊರು ಹೊರ್ತಿಯ ಬಿಸಿಲಿಗೆ ಅದು ಯಾವ ಮೂಲೆಗೂ ಸಾಲದು. ಸುರೇಖಾ ನೀರಿನ ಕೊಡವನ್ನು ಹಿತ್ತಲಿಗೆ ಸಾಗಿಸಿದ್ದಳು. ಬಂದವರಿಗೆ ಬೆಲ್ಲ-ನೀರು ಕೊಡುವುದೂ ಈಗ ಹೊರಗೆ ಬೇವಿನ ಕೆಳಗೆ. ಅವರು ಗಟಗಟ ಕುಡಿಯುವ ಸಪ್ಪಳ ಮುದುಕಿಯ ಕಿವಿಗೆ ಬೀಳಬಾರದು.

ಆ ಸಂಕಟ ನೋಡಲಾರದೆ ರಾಜಶ್ರೀಯೇ ಒಂದು ದಿನ ಮೊಬೈಲ್ ಹಿಡಿದು, “ಇವಾ ಕುಡಿಯೋದು ಏನ್ ರುಚಿ ಇದ್ದೀತು, ಹೇಳು ನೋಡೋಣು” ಎಂದು ಕೇಳಿದ್ದಳು. ಸಾತವ್ವ ಕಣ್ಣು ಮುಚ್ಚಿ ಚಪ್ಪರಿಸಿದ್ದಳು. “ಕೆಂಪಂದು ಹುಣಸಿ ಪಾನಕ. ಬೆಲ್ಲ ಜಾಸ್ತಿ ಆಗೈತಿ. ನೀಲೀದು ನೇರಳಿ ಹಣ್ಣು ಹಿಂಡಿದ್ದು, ನಾಲಿಗಿ ಒಗರ ಆತು ನೋಡು. ಹಳದೀದು ನಮ್ಮ ತ್ವಾಟದ ನಿಂಬಿ. ಉಪ್ಪು ಹಾಕೋದ ಮರತಾರ ಮೂಳಗೋಳು.” ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಎಲ್ಲಿ ಒತ್ತಿದರೆ ವೀರ ಕುಡಿಯುತ್ತಾನೆ ಎಂಬುದನ್ನು ಅಂದೇ ಕಲಿಸಿದ್ದಾಗಿತ್ತು.

“ಸುಮ್ಮಸುಮ್ಮನ ಅಲ್ಲವಾ,” ಎಂದಳು ಸಾತವ್ವ ಕೊನೆಗೆ. “ತಂಬಿಗಿ ಮುಂಜಾನೇನ ಮುಗದಿತ್ತು. ಮಧ್ಯಾಹ್ನ ತಡಕೊಳ್ಳಾಕ ಆಗಲಿಲ್ಲ. ಹಿತ್ತಲಿಗಿ ಹೋಗಿ ಕೊಡದ ಮುಚ್ಚಳಾನೂ ತಗದಿದ್ನಿ. ನಿಮ್ಮವ್ವನ ಮುಖ ನೆನಪಾತು. ಹೊಳ್ಳಿ ಬಂದು ಅಂವಗ ಕುಡಿಸಿದ್ನಿ. ಒಂದ ಸಾಲಲಿಲ್ಲ. ಎಲ್ಲಾ ಕುಡಿಸಿಬಿಟ್ನಿ.”

ರಾಜಶ್ರೀಯ ಸಿಟ್ಟು ಜರ್ರನೆ ಇಳಿಯಿತು. ಹೋದ ತಿಂಗಳು ಹೀಗೇ ಯಾರಿಗೂ ಕಾಣದಂತೆ ನೀರು ಕುಡಿದು, ಉಸಿರು ಕಟ್ಟಿ, ಇಂಡಿ ಪಟ್ಟಣದ ದವಾಖಾನೆ ಮುಟ್ಟುವವರೆಗೆ ಅಜ್ಜಿ ಉಳಿಯುವ ಭರವಸೆಯೇ ಇರಲಿಲ್ಲ. ಇವತ್ತು ಮುಚ್ಚಳ ತೆಗೆದ ಕೈ ಹೇಗೆ ಹಿಂದೆ ಬಂತೋ. ಅವಳು ಅಜ್ಜಿಯ ಮಗ್ಗುಲಿಗೆ ಸರಿದು ಕುಳಿತಳು. ಸತ್ತ ವೀರನನ್ನು ಎಬ್ಬಿಸಿ, ರಾಕ್ಷಸನನ್ನು ಅಲ್ಲಿಯೇ ಬಿಟ್ಟು, ಮತ್ತೆ ಗುಡ್ಡದ ದಾರಿ ಹಿಡಿಸಿದಳು.

“ಬೇರು ಹುಡುಕಾಕ ಹೊಂಟೇನಿ. ನಿನಗ ಯಾವ ರುಚೀದು ಬೇಕು ಹೇಳು, ಅದನ್ನ ಮೊದಲ ತುಂಬಿಸ್ತೇನಿ.”

ಸಾತವ್ವ ಪರದೆಯ ಹತ್ತಿರ ಬಾಗಿ ಮೂರೂ ಬಣ್ಣ ನೋಡಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

“ಬರೇ ನೀರಿಂದು ಒಂದೂ ಇಲ್ಲೇನವಾ ಅದರಾಗ?”