ಮರಳುಗಾಡು ಸಫಾರಿಯ ಕೊನೆಯ ಸೀಟು

ಹುಮೈದ್ ಕಂಬದ ಮರೆಯಿಂದ ಮೂರನೆಯ ಸಲ ಇಣುಕಿದ. ಗುರುತಿನವರು ಯಾರೂ ಕಾಣಲಿಲ್ಲ. ಮಾಲಿನ ನಡುವೆ 'ಸಂಜೆಯ ಮರಳುಗಾಡು ಸಫಾರಿ' ಎಂಬ ಬೋರ್ಡು, ಅದರ ಕೆಳಗೊಂದು ಮೇಜು, ಮೇಜಿನ ಹಿಂದೆ ರೊವೆನಾ ಎಂಬ ಫಿಲಿಪೀನ್ಸಿನ ಹುಡುಗಿ. ಅಪ್ಪಟ ದುಬೈಯವನೊಬ್ಬ ಇಲ್ಲಿ ನಿಂತು ಟಿಕೆಟ್ ಕೇಳುವುದೆಂದರೆ ಮೀನುಗಾರನ ಮಗ ಈಜು ಕಲಿಯುವ ಕ್ಲಾಸಿಗೆ ಸೇರಿದ ಹಾಗೆ. ಯಾರಾದರೂ ನೋಡಿದರೆ ಮಾನ ಮೂರುಕಾಸಿಗೆ ಹೋಗುತ್ತದೆ.

ಆದರೆ ನೋಡಿದರೂ ಗುರುತು ಹಿಡಿಯುವವರು ಯಾರು? ಅಕ್ಕ ಓಶಾ ಅವನ ಬಿಳಿ ನಿಲುವಂಗಿ, ತಲೆವಸ್ತ್ರ ಎರಡನ್ನೂ ಕಿತ್ತಿಟ್ಟು, ಮಂಡಿಯುದ್ದದ ಚಡ್ಡಿ, ಕಪ್ಪು ಕನ್ನಡಕ, 'ಬ್ರೆಜಿಲ್' ಎಂದು ಬರೆದ ಟೋಪಿ ಹಾಕಿಸಿ ಕಳಿಸಿದ್ದಳು.

"ನಮ್ಮ ಗಂಡಸ್ರು ಆ ಬಿಳಿ ಬಟ್ಟೆ ತೆಗೆದ್ರೆ ಹೆತ್ತ ತಾಯಿಗೂ ಗೊತ್ತಾಗಲ್ಲ ಕಣೋ!"

ಆಕೆ ಹೇಳಿದ್ದು ಸುಳ್ಳಾಗಲಿಲ್ಲ. ಲಿಫ್ಟಿನಲ್ಲಿ ಎದುರಾದ ಅಮ್ಮ ಅವನಿಗೆ ಇಂಗ್ಲಿಷಿನಲ್ಲಿ 'ಹಲೋ' ಎಂದು, ಸರಿದು ದಾರಿ ಬಿಟ್ಟಿದ್ದಳು.

ಇಷ್ಟೆಲ್ಲ ವೇಷ ಶಮ್ಸಾಳಿಗಾಗಿ. ಆಕೆಯ ತಂದೆ ಖಲ್ಫಾನ್ ಮದುವೆಗೆ ಹೂಂ ಎಂದಿದ್ದರು, ಒಂದೇ ಷರತ್ತಿನ ಮೇಲೆ. ಹೋದ ವಾರ ಇಪ್ಪತ್ತು ಜನ ನೆಂಟರ ನಡುವೆ ಕೂತು, ಮೀಸೆ ತಿರುವಿ ಗುಡುಗಿದ್ದರು: "ಬರೋ ವಾರದ ಶುಕ್ರವಾರ ಮರಳುಗಾಡಿಗೆ ಬಾ. ನನ್ನ ಗಾಡಿ ಮುಂದೆ, ನಿನ್ನ ಗಾಡಿ ಹಿಂದೆ. ದಿಬ್ಬ ಹತ್ತಿ ಇಳಿಯೋಕೆ ಬರದವನಿಗೆ ನನ್ನ ಮಗಳನ್ನ ಕೊಡಲ್ಲ. ನಾವು ಮರಳಲ್ಲೇ ಹುಟ್ಟಿದ ಜನ!"

ಹುಮೈದ್ ಬೆಳೆದದ್ದು ಹನ್ನೆರಡನೆಯ ಮಹಡಿಯಲ್ಲಿ. ರಸ್ತೆಯ ಸರ್ಕಲ್ಲನ್ನು ಎರಡು ಸುತ್ತು ಸುತ್ತಿದರೆ ಹೊಟ್ಟೆ ತೊಳಸುವ ಪ್ರಾಣಿ. ಸಫಾರಿಯ ಗಾಡಿ ಹತ್ತು, ಅದು ದಿಬ್ಬದ ಮೇಲೆ ಹಾರುವಾಗ ವಿದೇಶಿಯರ ಗುಂಪಿನಲ್ಲಿ ನೀನೂ ಒಂದಿಷ್ಟು ವಾಂತಿ ಮಾಡಿಕೊ, ಮೈ ಒಗ್ಗುತ್ತದೆ ಎಂಬುದು ಓಶಾಳ ಉಪಾಯ. ಶಮ್ಸಾ ಕೈತಪ್ಪಿ ಹೋದಾಳೆಂಬ ಯೋಚನೆಗೇ ಅವನಿಗೆ ಅಳು ಬರುತ್ತಿತ್ತು. ಆದರೂ ಕಾಲು ಮಾತ್ರ ಮೇಜಿನ ಕಡೆ ಏಳಲೊಲ್ಲದು.

ಕೊನೆಗೂ ಹೋದಾಗ ಅಲ್ಲಿ ಇನ್ನೊಬ್ಬ ಗಿರಾಕಿ ಕೂತಿದ್ದ. ಗಿಳಿ, ಅನಾನಸುಗಳ ಅಚ್ಚಿನ ಅಂಗಿ. ಮೊರದಗಲದ ಹುಲ್ಲಿನ ಟೋಪಿ. ಮೂಗಿನ ಮೇಲೆ ಕಪ್ಪು ಕನ್ನಡಕ, ಕೆಳಗೆ ಮಾಸ್ಕ್.

"ಗಾಡಿ ತುಂಬ ಹಾರುತ್ತಾ?" ಆತ ಹರಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ.

"ಹಾರಲಿ ಅಂತಾನೇ ಅಲ್ವಾ ಸರ್ ಜನ ಬರೋದು?" ಎಂದಳು ರೊವೆನಾ.

"ನಿಧಾನ ಓಡಿಸೋ ಡ್ರೈವರ್ ಯಾರೂ ಇಲ್ವಾ?"

"ಇದ್ದಾರೆ ಸರ್. ಅವ್ರನ್ನ ಏರ್‌ಪೋರ್ಟ್ ಬಸ್ಸಿಗೆ ಹಾಕಿದ್ದೀವಿ."

"ಮುಂದಿನ ಸೀಟಲ್ಲಿ ಕೂತ್ರೆ ವಾಂತಿ ಕಮ್ಮಿಯಂತೆ, ಹೌದಾ?"

ಹುಮೈದನಿಗೆ ಹೋದ ಜೀವ ಬಂದಂತಾಯಿತು. ತಾನು ಕೇಳಲು ನಾಚುತ್ತಿದ್ದ ಪ್ರಶ್ನೆಗಳನ್ನೆಲ್ಲ ಈ ಮಹಾನುಭಾವ ಒಂದೊಂದಾಗಿ ಕೇಳುತ್ತಿದ್ದ. ಅವನು ಪಕ್ಕದ ಕುರ್ಚಿ ಎಳೆದು ಕೂತ.

"ಯಾವ ದೇಶ ಸರ್?" ರೊವೆನಾ ಪೆನ್ನು ಹಿಡಿದು ಇಬ್ಬರನ್ನೂ ನೋಡಿದಳು.

"ಪೋರ್ಚುಗಲ್," ಎಂದ ಗಿಳಿ ಅಂಗಿಯವನು.

"ಬ್ರೆಜಿಲ್," ಎಂದ ಹುಮೈದ್, ಟೋಪಿ ಮುಟ್ಟಿಕೊಂಡು.

"ಅಯ್ಯೋ, ಇಬ್ರದೂ ಒಂದೇ ಭಾಷೆ! ಪೋರ್ಚುಗೀಸಲ್ಲೇ ಮಾತಾಡ್ಕೊಳ್ಳಿ ಮತ್ತೆ, ನಾಚಿಕೆ ಯಾಕೆ?"

ಪೋರ್ಚುಗೀಸಿನಲ್ಲಿ ಹುಮೈದನಿಗೆ ಕೆಮ್ಮಲೂ ಬಾರದು. ಪುಣ್ಯಕ್ಕೆ ಆತನೇ ಎರಡೂ ಕೈ ಅಲ್ಲಾಡಿಸಿದ.

"ಬೇಡ ಬೇಡ. ನಿಮ್ಮೆದುರಿಗೆ ನಿಮಗೆ ತಿಳಿಯದ ಭಾಷೆ ಆಡಬಾರದು. ಸರಿಯಲ್ಲ."

ಎಂಥ ಸಂಭಾವಿತ, ಎಂದುಕೊಂಡ ಹುಮೈದ್.

"ಶುಕ್ರವಾರ, ಶನಿವಾರ ಎರಡೂ ಭರ್ತಿ," ಎಂದಳು ರೊವೆನಾ. "ನಾಳೆ ಗುರುವಾರದ ಗಾಡೀಲಿ ಒಂದೇ ಸೀಟಿದೆ. ಮುಂದಿನ ಸೀಟೇ. ಯಾರಿಗೆ?"

ಇಬ್ಬರೂ ಒಟ್ಟಿಗೆ ಕೈಯೆತ್ತಿದರು. ಒಬ್ಬರನ್ನೊಬ್ಬರು ನೋಡಿ ಒಟ್ಟಿಗೆ ಇಳಿಸಿದರು.

ಆತ ಹುಮೈದನ ತೋಳು ಹಿಡಿದ. "ಬಿಟ್ಕೊಡು ಮಗಾ. ನನಗೆ ಶುಕ್ರವಾರದವರೆಗೆ ಮಾತ್ರ ಟೈಮಿರೋದು."

ಊರಿಗೆ ಹೋಗುವ ವಿಮಾನ ಅಂದೇ ಇರಬೇಕು ಪಾಪ, ಎನಿಸಿತು ಹುಮೈದನಿಗೆ. "ಇಷ್ಟು ಹೆದರ್ಕೊಂಡು ಯಾಕೆ ಹೋಗ್ತೀರಿ?"

"ಎಲ್ರೂ ನನ್ನನ್ನ ದೊಡ್ಡ ಧೈರ್ಯಸ್ಥ ಅಂದ್ಕೊಂಡಿದ್ದಾರೆ. ಹಾಗಂತ ಹೇಳ್ಕೊಂಡು ತಿರುಗಿದ್ದೂ ನಾನೇ. ನಿಂದೇನು?"

"ಒಬ್ರು ನನ್ನನ್ನ ಹಾಗೆ ಅಂದ್ಕೋಬೇಕಾಗಿದೆ."

ಆತ ಮಾಸ್ಕಿನೊಳಗೇ ನಿಟ್ಟುಸಿರುಬಿಟ್ಟ. "ನಿಂಗಿನ್ನೂ ಚಿಕ್ಕ ವಯಸ್ಸು. ಈಗಲೇ ನಿಜ ಹೇಳಿಬಿಡು, ಆಮೇಲೆ ನನ್ನ ಥರ ಸಿಕ್ಕಿಹಾಕ್ಕೋಬೇಡ. ಅವ್ರೇನು ನಿನ್ನನ್ನ ನುಂಗ್ತಾರಾ? ಅವ್ರ ಹೊಟ್ಟೇಲಿ ಏನಿದೆಯೋ ಯಾರಿಗೆ ಗೊತ್ತು?"

ಹುಮೈದನ ಕಣ್ಣು ತುಂಬಿ ಬಂತು. ಗುರುತು ಪರಿಚಯ ಇಲ್ಲದ ಹಿರಿಯನೊಬ್ಬ ತನ್ನೆದುರು ಅಳುಕಿಲ್ಲದೆ ಹೆದರಿಕೆ ಒಪ್ಪಿಕೊಂಡ. ಹೆಣ್ಣು ಕೊಡುವ ಮಾವನ ಎದುರು ತಾನೇಕೆ ಒಪ್ಪಿಕೊಳ್ಳಬಾರದು? ಶಮ್ಸಾ ಸಿಕ್ಕರೆ ನಿಜ ಹೇಳಿಯೇ ಸಿಗಲಿ.

"ಸೀಟು ಇವ್ರಿಗೇ ಕೊಡಿ," ಎಂದ ರೊವೆನಾಳಿಗೆ. ಆತ ಅವನ ಎರಡೂ ಕೈ ಹಿಡಿದು ಕುಲುಕಿದ.

ಹುಮೈದ್ ಕುರ್ಚಿಯಲ್ಲೇ ಅತ್ತ ತಿರುಗಿ ಕೂತು ಫೋನು ತೆಗೆದ. 'ಮಾವ, ನನಗೆ ಮರಳಲ್ಲಿ ಗಾಡಿ ಓಡಿಸೋಕೆ ಬರಲ್ಲ, ಹೊಟ್ಟೆ ತೊಳಸುತ್ತೆ' ಎಂದು ಮೂರು ಸಲ ಬಾಯಿಪಾಠ ಮಾಡಿ, ಉಸಿರು ಬಿಗಿಹಿಡಿದು, ಖಲ್ಫಾನರ ನಂಬರು ಒತ್ತಿದ.

ಅಪ್ಪಟ ಅರಬ್ಬಿಯಲ್ಲಿ ಆ ಗುಡುಗಿನ ದನಿ ಅವನ ಎರಡೂ ಕಿವಿಗೆ, ಒಂದಕ್ಕೆ ಫೋನಿನಿಂದ, ಇನ್ನೊಂದಕ್ಕೆ ಪಕ್ಕದ ಕುರ್ಚಿಯಿಂದ, ಒಟ್ಟಿಗೇ ಬಂದು ಬಡಿಯಿತು: "ಬೇಗ ಹೇಳು ಅಳಿಯ, ಮರಳುಗಾಡಿನ ನಟ್ಟನಡುವೆ ಗಾಡಿ ಹಾರಿಸ್ತಾ ಇದ್ದೀನಿ!"